ಎಲೆ ಯಾವ ಕಡೆ ಮಡಚಿದೆ? ಕುಂದಗೋಳದ ಒಂದು ಮೆಣಸಿನಕಾಯಿ ಹೊಲ, ಒಂದು ಎಐ ಆ್ಯಪ್

ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ, 4 ಎಕರೆ ಎರೆ ಹೊಲ, 2024ರ ಮುಂಗಾರು. ಅಪ್ಪ ಹುಟ್ಟಿದಾಗಿನಿಂದ ಬೇಸಾಯದವನು. ಮಗ ಹುಬ್ಬಳ್ಳಿಯಲ್ಲಿ ಡಿಗ್ರಿ ಮುಗಿಸಿ, ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ದುಡಿದು, ಊರಿಗೆ ವಾಪಸ್ ಬಂದವನು. ಮೆಣಸಿನ ಗಿಡದ ಎಲೆ ಮಡಚಲು ಶುರುವಾದಾಗ ಮಗ ಮೊಬೈಲ್‌ನಲ್ಲಿ ಫೋಟೋ ತೆಗೆದು ಎಐ ಆ್ಯಪ್ ಒಂದನ್ನು ಕೇಳಿದ. ಅದು ಕೊಟ್ಟ ಉತ್ತರ ನಂಬಿ ಹೊಡೆದ ಔಷಧದಿಂದ ಹೊಲ ಇನ್ನಷ್ಟು ಕೆಟ್ಟಿತು. ಅದೇ ಹಂಗಾಮಿನಲ್ಲಿ, ಅದೇ ಮೊಬೈಲ್ ಬಳಸಿ, ಬೇಡದ ಒಂದು ಸಿಂಪಡಣೆಯನ್ನು ಅವನು ತಪ್ಪಿಸಿಯೂ ಇದ್ದಾನೆ. ಎರಡರ ನಡುವೆ ಏನು ಬದಲಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಹೆಸರು, ಮನೆತನದ ಹೆಸರು ಬೇಡ ಎಂದು ಅವರೇ ಹೇಳಿದರು. ಆ್ಯಪ್‌ನ ಹೆಸರನ್ನೂ ಬಿಟ್ಟಿದ್ದೇನೆ.

ಹೊಲದ ಪರಿಸ್ಥಿತಿ

ಈ ಭಾಗದ ಎರೆ ಹೊಲದಲ್ಲಿ ಮೆಣಸಿನಕಾಯಿ ಒಂಟಿಯಾಗಿ ಬೆಳೆಯುವುದು ಕಡಿಮೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಹಾಕುತ್ತಾರೆ. ಉಳ್ಳಾಗಡ್ಡಿ ಮೊದಲು ಕಿತ್ತು ಕೈಗೆ ಒಂದಿಷ್ಟು ದುಡ್ಡು ಬರುತ್ತದೆ. ಆಮೇಲೆ ಮೆಣಸಿನಕಾಯಿ. ಕೊನೆಗೆ ಹತ್ತಿ. ಮಳೆ ಕೈಕೊಟ್ಟರೂ ಮೂರರಲ್ಲಿ ಒಂದಾದರೂ ಉಳಿಯುತ್ತದೆ ಎನ್ನುವ ಹಳೇ ಲೆಕ್ಕ ಅದು. ತೀರಾ ಸೋತ ವರ್ಷ ಇಲ್ಲವೆಂದಲ್ಲ, ಆದರೆ ಲೆಕ್ಕ ಕೆಟ್ಟದ್ದಲ್ಲ.

ಇಲ್ಲಿನ ಕಾಯಿ ಹೋಗುವುದು ಬ್ಯಾಡಗಿ ಮಾರುಕಟ್ಟೆಗೆ. ಡಬ್ಬಿ ಮತ್ತು ಕಡ್ಡಿ ತಳಿಗಳು. ಖಾರ ಕಡಿಮೆ, ಬಣ್ಣ ಜಾಸ್ತಿ, ಒಣಗಿದರೆ ಮೈತುಂಬ ಸುಕ್ಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಇದರಿಂದ ತೆಗೆಯುವ ಬಣ್ಣದ ಎಣ್ಣೆ ಊಟದ ಪದಾರ್ಥಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಹೋಗುತ್ತದೆ.

ಮೆಣಸಿನ ಗಿಡಕ್ಕೆ ದೊಡ್ಡ ಕಾಟ ಎಲೆ ಮುಟುರು. ರೈತರು ಎಲ್ಲಕ್ಕೂ ಮುಟುರು ರೋಗ ಎಂದೇ ಹೇಳುತ್ತಾರೆ, ಆದರೆ ಅದರ ಹಿಂದೆ ಮುಖ್ಯವಾಗಿ ಮೂರು ಕಾರಣ ಇರಬಹುದು. ಥ್ರಿಪ್ಸ್ ಎಂಬ ಸಣ್ಣ ಕೀಟ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚುತ್ತದೆ, ದೋಣಿಯ ಆಕಾರ ಬರುತ್ತದೆ. ಹಳದಿ ನುಸಿ ಬಿದ್ದರೆ ಅಂಚು ಕೆಳಕ್ಕೆ ಮಡಚುತ್ತದೆ, ಎಲೆಯ ತೊಟ್ಟು ಉದ್ದವಾಗುತ್ತದೆ. ಬಿಳಿ ನೊಣದಿಂದ ಹರಡುವ ನಂಜು ರೋಗವಾದರೆ ಎಲೆ ಸಣ್ಣದಾಗಿ ಸುಕ್ಕುಗಟ್ಟಿ ಗಿಡವೇ ಗಿಡ್ಡವಾಗುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಮೂರನೆಯದಕ್ಕಂತೂ ಬಂದ ಮೇಲೆ ಮದ್ದೇ ಇಲ್ಲ, ಗಿಡ ಕಿತ್ತು ಹಾಕಬೇಕು. ನುಸಿ ಕೀಟವೇ ಅಲ್ಲ, ಜೇಡದ ಜಾತಿಗೆ ಹತ್ತಿರದ್ದು. ಹಾಗಾಗಿ ಕೀಟ ಕೊಲ್ಲುವ ಎಷ್ಟೋ ಔಷಧಗಳಿಗೆ ಅದು ಜಗ್ಗುವುದಿಲ್ಲ.

ಮೊದಲ ಫೋಟೋ

ಮಗ ತೆಗೆದದ್ದು ಗಿಡದ ತುದಿಯ ಫೋಟೋ. ನಿಂತಲ್ಲಿಂದ, ಮೇಲಿನಿಂದ. ಆ್ಯಪ್ ಮೊದಲು ‘ನಿಮ್ಮ ಬೆಳೆ ಯಾವುದು’ ಎಂದು ಕೇಳಿತು, ಒಂದನ್ನೇ ಆರಿಸಬೇಕು. ಮೆಣಸಿನಕಾಯಿ ಆರಿಸಿದ. ಕೆಲವೇ ಸೆಕೆಂಡಿನಲ್ಲಿ ಉತ್ತರ ಬಂತು: ಥ್ರಿಪ್ಸ್. ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ದೊಡ್ಡ ಶೇಕಡಾವಾರು. ಕೆಳಗೆ ಔಷಧಗಳ ಪಟ್ಟಿ, ಅದರ ಕೆಳಗೆ ‘ಈಗಲೇ ಖರೀದಿಸಿ’ ಎಂಬ ಬಟನ್.

ಬಟನ್ ಒತ್ತಲಿಲ್ಲ. ಔಷಧ ಯಾವಾಗಲೂ ಅಂಗಡಿಯಲ್ಲಿ ಉದ್ರಿ ತರುವುದು ಮನೆಯ ರೂಢಿ. ಅಂಗಡಿಯವರಿಗೆ ಮೊಬೈಲ್ ತೋರಿಸಿದ. ಪಟ್ಟಿಯಲ್ಲಿದ್ದದ್ದು ಅವರಲ್ಲಿ ಇರಲಿಲ್ಲ. “ತಮ್ಮಾ, ಇದನ್ನ ಒಯ್ಯಿ, ಇದರಾಗ ಎಲ್ಲಾ ಬಂತು” ಎಂದು ಎರಡು ಔಷಧ ಬೆರೆತ ಡಬ್ಬಿ ಕೊಟ್ಟರು. ಅದರಲ್ಲಿ ಒಂದು ಸಿಂಥೆಟಿಕ್ ಪೈರೆಥ್ರಾಯ್ಡ್ ಎಂಬ ಕೀಟನಾಶಕದ ಜಾತಿಯದು.

ಇಷ್ಟಕ್ಕೇ ನಿಂತಿದ್ದರೆ ಒಂದು ಹೊಲದ ಕಥೆಯಾಗುತ್ತಿತ್ತು. ಮಗ ಆ್ಯಪ್‌ನ ಸ್ಕ್ರೀನ್‌ಶಾಟ್ ಅನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಒಳ್ಳೆ ಮನಸ್ಸಿನಿಂದಲೇ ಹಾಕಿದ್ದು. ಆ ವಾರ ಸುತ್ತಲಿನ ಎಷ್ಟೋ ಹೊಲಗಳಲ್ಲಿ ಅದೇ ಡಬ್ಬಿ ಖಾಲಿಯಾಯಿತು. ತಮ್ಮ ಗಿಡದ ಎಲೆ ಯಾವ ಕಡೆ ಮಡಚಿದೆ ಎಂದು ಹೆಚ್ಚಿನವರು ನೋಡಲೇ ಇಲ್ಲ. ಅಂಗಡಿಯವರ ಮಾತನ್ನಾದರೆ ಸ್ವಲ್ಪ ಅನುಮಾನದಿಂದ ಕೇಳುತ್ತಿದ್ದರು, ಅವರಿಗೆ ವ್ಯಾಪಾರ ಮುಖ್ಯ ಎಂದು ಎಲ್ಲರಿಗೂ ಗೊತ್ತು. ಕಂಪ್ಯೂಟರ್ ಶೇಕಡಾವಾರು ಸಮೇತ ಹೇಳಿದ್ದನ್ನು ಯಾರು ಪ್ರಶ್ನಿಸುತ್ತಾರೆ? ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಹೆಚ್ಚು ಯೋಚಿಸಬೇಕಾದ್ದು ಇದು. ಒಂದು ಹೊಲದ ಒಂದು ಎಲೆಯ ಉತ್ತರ, ಒಂದೇ ಸಂಜೆಯಲ್ಲಿ ಊರಿನ ಉತ್ತರ ಆಯಿತು.

ಹತ್ತು ಹನ್ನೆರಡು ದಿನಕ್ಕೆ ಮುಟುರು ಇಳಿಯುವ ಬದಲು ಏರಿತು.

ಕೂಲಿಗೆ ಬಂದವರು ಕಂಡದ್ದು

ಆ ಹೊಲದಲ್ಲಿ ಕಸ ತೆಗೆಯಲು ಬರುವ ಹೆಣ್ಣುಮಕ್ಕಳಲ್ಲಿ ಒಬ್ಬರು ಹಿರಿಯರು. ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವವರು, ಹಾಗಾಗಿ ಅವರ ಕಣ್ಣಿಗೆ ಬೀಳುವುದು ಎಲೆಯ ಕೆಳಭಾಗ. ಮಗನನ್ನು ಕರೆದು, “ತಮ್ಮಾ, ಎಲಿ ತಿರುವಿ ನೋಡು. ಇದು ಕೆಳಗ ಮಡಚಾಕತ್ತೈತಿ. ಎಣ್ಣಿ ಹೊಡದ ಮ್ಯಾಲೆ ಜಾಸ್ತಿ ಆಗೇತಿ” ಎಂದರು. “ನೀವು ಮೊದಲ ಯಾಕ ಹೇಳಲಿಲ್ಲ ದೊಡ್ಡವ್ವಾ?” ಎಂದ. “ನೀ ಕೇಳಿದ್ದೆಲ್ಲಿ?” ಎಂದರಂತೆ.

ಎರಡು ಕಡೆ ಮಡಚಿದ ಎಲೆಗಳೂ ಹೊಲದಲ್ಲಿದ್ದವು. ಮೊದಲು ಥ್ರಿಪ್ಸ್ ಸ್ವಲ್ಪ ಇದ್ದಿರಲೂಬಹುದು, ಆ್ಯಪ್ ಪೂರ್ತಿ ಸುಳ್ಳು ಹೇಳಿತು ಎನ್ನಲು ಬರುವುದಿಲ್ಲ. ಆದರೆ ನುಸಿ ಆಗಲೇ ಎಲೆಯ ಕೆಳಗೆ ಸೇರಿತ್ತು. ಪೈರೆಥ್ರಾಯ್ಡ್ ಹೊಡೆದಾಗ ನುಸಿಯನ್ನು ತಿನ್ನುವ ಒಳ್ಳೆ ಜೀವಿಗಳು ಮೊದಲು ಸಾಯುತ್ತವೆ, ನುಸಿ ಉಳಿಯುತ್ತದೆ. ತಡೆಯುವವರಿಲ್ಲದೆ ಹೆಚ್ಚುತ್ತದೆ. ಇದು ಕೀಟಶಾಸ್ತ್ರದವರಿಗೆ ಹಳೇ ವಿಷಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಎಲೆಗಳನ್ನು ಒಯ್ದು ತೋರಿಸಿದಾಗಲೂ ಲೆನ್ಸ್ ಹಿಡಿದು ನೋಡಿ ನುಸಿ ಎಂದೇ ಹೇಳಿದರು. ಗಂಧಕ ಹೊಡೆಯಲು ಸೂಚಿಸಿದರು. ಮೊದಲಿನ ಡಬ್ಬಿಗಿಂತ ಎಷ್ಟೋ ಅಗ್ಗ.

ಆ್ಯಪ್ ಯಾಕೆ ಎಡವಿತು? ಇಂಥ ಆ್ಯಪ್‌ಗಳ ಒಳಗಿರುವುದು ಸಾವಿರಾರು ಫೋಟೋ ನೋಡಿ ಕಲಿತ ಒಂದು ಮಾದರಿ. ಪ್ರತಿ ಫೋಟೋಗೂ ಯಾರೋ ‘ಇದು ಇಂಥ ರೋಗ’ ಎಂದು ಹೆಸರು ಅಂಟಿಸಿರುತ್ತಾರೆ. ಹೊಸ ಫೋಟೋ ಬಂದರೆ ಗೊತ್ತಿರುವ ಹೆಸರುಗಳಲ್ಲಿ ಹತ್ತಿರದ್ದನ್ನು ಆರಿಸುತ್ತದೆ. ಆ ಶೇಕಡಾವಾರು ಕೂಡ ‘ನನ್ನ ಪಟ್ಟಿಯಲ್ಲಿ ಇದು ಹೆಚ್ಚು ಹೊಂದುತ್ತದೆ’ ಎಂಬ ಲೆಕ್ಕ, ಅಷ್ಟೆ. ಹೊಲದಲ್ಲಿ ಇರುವುದು ಅದೇ ಎಂಬ ಭರವಸೆ ಅಲ್ಲ.

2016ರಲ್ಲಿ ಪ್ಲಾಂಟ್‌ವಿಲೇಜ್ ಎಂಬ ಫೋಟೋ ಸಂಗ್ರಹದ ಮೇಲೆ ನಡೆದ ಅಧ್ಯಯನ ಒಂದಿದೆ. 14 ಬೆಳೆ, 26 ರೋಗ, 54,000ಕ್ಕೂ ಹೆಚ್ಚು ಫೋಟೋ. ಅದೇ ಸಂಗ್ರಹದಲ್ಲಿ ಮಾದರಿಗೆ ತೋರಿಸದೆ ಎತ್ತಿಟ್ಟಿದ್ದ ಫೋಟೋಗಳ ಮೇಲೆ ಪರೀಕ್ಷೆ ಮಾಡಿದಾಗ ಉತ್ತರ ಶೇ 99ಕ್ಕೂ ಹೆಚ್ಚು ಸರಿ. ಬೇರೆ ಸನ್ನಿವೇಶದಲ್ಲಿ ತೆಗೆದ ಫೋಟೋ ಕೊಟ್ಟಾಗ ಶೇ 31ರ ಆಸುಪಾಸಿಗೆ ಇಳಿಯಿತು. ಎಲೆ ಕಿತ್ತು, ಸಾದಾ ಹಾಳೆಯ ಮೇಲಿಟ್ಟು ತೆಗೆದ ಫೋಟೋಗೂ ಗಾಳಿಗೆ ಅಲ್ಲಾಡುವ ಗಿಡದ ಫೋಟೋಗೂ ಅಷ್ಟು ಅಂತರ. ಆ ಸಂಗ್ರಹದಲ್ಲಿ ದೊಣ್ಣೆ ಮೆಣಸಿನಕಾಯಿ ಇದೆ, ನಮ್ಮ ಬ್ಯಾಡಗಿ ಕಾಯಿ ಇಲ್ಲ. ಆಮೇಲೆ ತಂತ್ರಜ್ಞಾನ ಬಹಳ ಸುಧಾರಿಸಿದೆ, ಭಾರತದ ಹೊಲಗಳ ಫೋಟೋಗಳೂ ಸೇರಿವೆ. ಹಾಗಿದ್ದರೂ ಎಲೆಯ ಮೇಲ್ಭಾಗದ ಫೋಟೋದಲ್ಲಿ ಕೆಳಭಾಗದ ನುಸಿ ಕಾಣಲು ಯಾವ ಎಐಗೂ ಸಾಧ್ಯವಿಲ್ಲ, ಅಲ್ವಾ? ನುಸಿ ಬರಿಗಣ್ಣಿಗೇ ಸರಿಯಾಗಿ ಕಾಣುವುದಿಲ್ಲ.

ಆ್ಯಪ್ ಮಾಡಬಹುದಾಗಿದ್ದ ಕೆಲಸ ಒಂದಿತ್ತು. ‘ಎಲೆ ತಿರುವಿ ಇನ್ನೊಂದು ಫೋಟೋ ಕಳಿಸಿ’ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನೇರ ಔಷಧದ ಪಟ್ಟಿಗೆ, ಅಲ್ಲಿಂದ ಬಟನ್‌ಗೆ ಹೋಯಿತು. ಔಷಧ ಮಾರಾಟದಿಂದ ಆ್ಯಪ್‌ಗೆ ಪಾಲು ಬರುವುದಾದರೆ ‘ಇನ್ನೂ ಎರಡು ದಿನ ಕಾಯಿರಿ, ಏನೂ ಹೊಡೆಯಬೇಡಿ’ ಎಂಬ ಸಲಹೆಯಿಂದ ಅದಕ್ಕೆ ಏನು ಸಿಗುತ್ತದೆ? ಮಾದರಿ ಎಷ್ಟೇ ಜಾಣ ಆಗಲಿ, ಅದನ್ನು ಯಾರ ದುಡ್ಡು ನಡೆಸುತ್ತಿದೆ ಎನ್ನುವುದು ಸಲಹೆಯಲ್ಲಿ ಇಣುಕುತ್ತದೆ. ಪರಿಸರಕ್ಕೆ ಎಐ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ಈ ಮಾತು ಕಡಿಮೆ ಬರುತ್ತದೆ.

ಇನ್ನೊಂದು ತೊಡಕು ‘ಒಂದೇ ಬೆಳೆ ಆರಿಸಿ’ ಎಂಬುದು. ಮೆಣಸಿನ ಗಿಡಕ್ಕೆ ಹೊಡೆದದ್ದು ಪಕ್ಕದ ಸಾಲಿನ ಉಳ್ಳಾಗಡ್ಡಿಗೂ ಬೀಳುತ್ತದೆ. ಆ ಉಳ್ಳಾಗಡ್ಡಿ ಸ್ವಲ್ಪ ದಿನದಲ್ಲೇ ಕೀಳಬೇಕಿತ್ತು. ಔಷಧ ಹೊಡೆದ ಮೇಲೆ ಎಷ್ಟು ದಿನ ಕಾಯಬೇಕು ಎನ್ನುವುದು ಪ್ರತಿ ಬೆಳೆಗೂ ಬೇರೆ. ಮೂರು ಬೆಳೆ ಇರುವ ಹೊಲ ಆ್ಯಪ್‌ನ ಲೆಕ್ಕದಲ್ಲೇ ಇರಲಿಲ್ಲ.

ಎರಡನೇ ಸುತ್ತು

ಮಗ ಆ್ಯಪ್ ಅಳಿಸಿ ಹಾಕುತ್ತಾನೆ ಅಂದುಕೊಂಡಿದ್ದೆ. ಬದಲಿಗೆ ಕೇಳುವ ರೀತಿ ಬದಲಿಸಿದ. ಔಷಧದ ಆ್ಯಪ್ ಬಿಟ್ಟು ಸಾಮಾನ್ಯ ಚಾಟ್‌ಬಾಟ್ ಒಂದಕ್ಕೆ ಕನ್ನಡದಲ್ಲೇ ಬರೆದ. ‘ಏನು ಹೊಡೆಯಲಿ’ ಎಂದು ಕೇಳಲಿಲ್ಲ. ‘ಮೆಣಸಿನ ಎಲೆ ಮಡಚಲು ಏನೇನು ಕಾರಣ, ಹೊಲದಲ್ಲಿ ನಾನೇ ಹೇಗೆ ಗುರುತಿಸಲಿ’ ಎಂದು ಕೇಳಿದ. ಉತ್ತರ ಚೆನ್ನಾಗಿತ್ತು. ಮೇಲಕ್ಕೆ ಮಡಚಿದರೆ ಏನು, ಕೆಳಕ್ಕೆ ಮಡಚಿದರೆ ಏನು, ಬಿಳಿ ಹಾಳೆಯ ಮೇಲೆ ತುದಿ ಕುಟ್ಟಿ ಥ್ರಿಪ್ಸ್ ಬೀಳುತ್ತದೆಯೇ ನೋಡುವುದು, ಹೀಗೆ. ಡೋಸ್ ವಿಷಯದಲ್ಲಿ ಮಾತ್ರ ಅದು ಹೇಳಿದ ಒಂದು ಪ್ರಮಾಣಕ್ಕೂ ಡಬ್ಬಿಯ ಲೇಬಲ್‌ಗೂ ತಾಳೆಯಾಗಲಿಲ್ಲ. ಅವತ್ತಿನಿಂದ ಡೋಸ್ ಲೇಬಲ್ ನೋಡಿಯೇ, ಇಲ್ಲವೇ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕರೆ ಮಾಡಿಯೇ ಎಂದು ನಿಯಮ ಮಾಡಿಕೊಂಡ.

ವಾಟ್ಸ್‌ಆ್ಯಪ್ ಗುಂಪಿನಲ್ಲೂ ಒಂದು ಕಟ್ಟುಪಾಡು ಬಂತು. ಯಾರೇ ಸಲಹೆ ಕೇಳಿದರೂ ಮೂರು ಫೋಟೋ ಹಾಕಬೇಕು: ಎಲೆಯ ಮೇಲ್ಭಾಗ, ಕೆಳಭಾಗ, ಹೂವಿನ ಒಳಗೆ. ಔಷಧದ ಹೆಸರಿರುವ ಸ್ಕ್ರೀನ್‌ಶಾಟ್ ಹಾಕುವಂತಿಲ್ಲ. ಕಸ ತೆಗೆಯುವವರು, ಕಾಯಿ ಬಿಡಿಸುವವರು ಕಂಡದ್ದನ್ನು ಧ್ವನಿ ಸಂದೇಶದಲ್ಲಿ ಹೇಳಬಹುದು. ಆ ಹಿರಿಯರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಸೊಸೆಯ ಫೋನ್‌ನಲ್ಲಿ ಮಾತಾಡುತ್ತಾರೆ.

ಹೂವಿನ ಫೋಟೋ ಯಾಕೆಂದರೆ ಈಗ ಇನ್ನೊಂದು ಥ್ರಿಪ್ಸ್ ಬಂದಿದೆ. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರಗಿನ ಜಾತಿ, ರೈತರ ಬಾಯಲ್ಲಿ ಕರಿ ಥ್ರಿಪ್ಸ್. ಭಾರತದಲ್ಲಿ ಮೊದಲು 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ಗುರುತಿಸಿದ್ದರು. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿಯನ್ನು ಹಾಳುಮಾಡಿತು. ಎಲೆಗೆ ಮಾತ್ರ ಅಲ್ಲ, ಹೂವಿನೊಳಗೆ ಗುಂಪಾಗಿ ಸೇರುತ್ತದೆ, ಹೂವು ಉದುರುತ್ತದೆ. ಇದರ ಮೇಲೆ ಕಂಡಕಂಡ ಔಷಧ ಹೊಡೆದು ಸೋತವರು ಬಹಳ.

ಆ ಚಳಿಗಾಲದ ಶುರುವಿನಲ್ಲಿ ಕೆಲವು ಹೊಲಗಳಲ್ಲಿ ಹೂವು ಉದುರಿದವು. ತಕ್ಷಣ ‘ಕರಿ ಥ್ರಿಪ್ಸ್ ಬಂತು’ ಎಂದು ಗುಂಪಿನಲ್ಲಿ ಗಾಬರಿ. ಮೂರು ಫೋಟೋ ನಿಯಮದಂತೆ ಹೂ ಬಿಡಿಸಿ ನೋಡಿದರೆ ಹೆಚ್ಚಿನ ಕಡೆ ಏನೂ ಇರಲಿಲ್ಲ. ಮೋಡ, ಚಳಿ, ತೇವದ ಏರುಪೇರು ಕಾರಣ ಇರಬೇಕು. ನಾಲ್ಕೈದು ದಿನ ಕಾದರು. ನಮ್ಮ ಹುಡುಗನ ಹೊಲದಲ್ಲೂ ಔಷಧ ಹೊಡೆಯಲಿಲ್ಲ. ನೀಲಿ ಬಣ್ಣದ ಅಂಟು ಹಾಳೆ ಕಟ್ಟಿ ಕಣ್ಣಿಟ್ಟರು, ಅಷ್ಟೆ. ಇಲ್ಲಿ ಸಿಂಪಡಣೆ ತಪ್ಪಿಸಿದ ಶ್ರೇಯ ಎಐಗೋ, ದೊಡ್ಡವ್ವನಿಗೋ ಎಂದು ಕೇಳಿದರೆ ನಾನು ದೊಡ್ಡವ್ವನ ಕಡೆ. ಆದರೆ ಏನು ನೋಡಬೇಕು ಎಂದು ಬಿಡಿಸಿ ಹೇಳಿದ್ದು ಚಾಟ್‌ಬಾಟ್, ಅದನ್ನೂ ಮರೆಯುವ ಹಾಗಿಲ್ಲ.

ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ ಶುರು ಮಾಡಿದೆ. ಅದರಲ್ಲೂ ಫೋಟೋ ಕಳಿಸಿದರೆ ಎಐ ಗುರುತಿಸುತ್ತದೆ. ಔಷಧ ಮಾರುವ ಹಂಗು ಅದಕ್ಕಿಲ್ಲ ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಈ ಊರಿನಲ್ಲಿ ಆಗ ಅದರ ಹೆಸರು ಕೇಳಿದವರೇ ಇರಲಿಲ್ಲ.

ಎಐ ಕುಡಿಯುವ ಕರೆಂಟು, ನೀರು

ಎಐಗೆ ಕರೆಂಟು, ನೀರು ಬಹಳ ಬೇಕು ಎಂದು ಎಲ್ಲ ಕಡೆ ಓದುತ್ತೇವೆ. ಈ ಪ್ರಕರಣದಲ್ಲಿ ಅದರ ಪಾಲೆಷ್ಟು? ಗೂಗಲ್ 2025ರ ಆಗಸ್ಟ್‌ನಲ್ಲಿ ಹೇಳಿದ ಪ್ರಕಾರ ತನ್ನ ಜೆಮಿನಿಗೆ ಕೇಳುವ ಸಾಧಾರಣ ಪಠ್ಯ ಪ್ರಶ್ನೆಯೊಂದಕ್ಕೆ 0.24 ವ್ಯಾಟ್-ಅವರ್ ಕರೆಂಟು, 0.26 ಮಿಲಿ ಲೀಟರ್ ನೀರು ಖರ್ಚಾಗುತ್ತದೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಒಂದೂವರೆ ನಿಮಿಷ ಉರಿದಷ್ಟು. ಇದು ಕಂಪನಿಯದೇ ಲೆಕ್ಕ, ಫೋಟೋಗೆ ಬೇರೆ ಇರಬಹುದು. ಹತ್ತು ಪಟ್ಟು ಜಾಸ್ತಿ ಎಂದುಕೊಂಡರೂ ಹೊಲದ ಲೆಕ್ಕದ ಮುಂದೆ ಅದು ಏನೂ ಅಲ್ಲ.

ಎಕರೆಗೆ ಒಂದು ಸಲ ಹೊಡೆಯಲು 150ರಿಂದ 200 ಲೀಟರ್ ದ್ರಾವಣ ಬೇಕು. 4 ಎಕರೆಗೆ 600ರಿಂದ 800 ಲೀಟರ್. ಅದಕ್ಕೆ ಬೆರೆಸಿದ ವಿಷ, ಬೆನ್ನಿಗೆ ಪಂಪ್ ಕಟ್ಟಿಕೊಂಡು ಮುಖಕ್ಕೆ ಬರೀ ಟವೆಲ್ ಸುತ್ತಿಕೊಂಡವನ ಉಸಿರಿಗೆ ಹೋದದ್ದು, ಬದುವಿನ ಹುಲ್ಲು ಮೇಯುವ ಆಡಿಗೆ ಹೋದದ್ದು ಬೇರೆ. ಪಂಪ್ ತೊಳೆದ ನೀರು ಹಳ್ಳಕ್ಕೆ. ಈ ಸೀಮೆಯ ಹಳ್ಳಗಳು ಬೆಣ್ಣೆಹಳ್ಳ ಸೇರುತ್ತವೆ, ಬೆಣ್ಣೆಹಳ್ಳ ಮಲಪ್ರಭೆ ಸೇರುತ್ತದೆ. ಎರೆ ಸೀಮೆಯ ಎಷ್ಟೋ ಊರುಗಳಲ್ಲಿ ಬೋರ್ ನೀರು ಉಪ್ಪು, ಕುಡಿಯಲು ಕೆರೆಯೇ ಗತಿ. ತಪ್ಪು ಉತ್ತರವೊಂದು ಪರಿಸರಕ್ಕೆ ಹಾಕುವ ಹೊರೆ ಇಲ್ಲಿದೆ, ದೂರದ ಡೇಟಾ ಸೆಂಟರ್‌ನಲ್ಲಿ ಅಲ್ಲ.

ಹಾಗೆಂದು ಡೇಟಾ ಸೆಂಟರ್ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಲ್ಲಿ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು 41,500 ಕೋಟಿ ಯೂನಿಟ್ ಕರೆಂಟು ಬಳಸಿವೆ, ಒಟ್ಟು ಬಳಕೆಯ ಶೇ 1.5ರಷ್ಟು. 2030ಕ್ಕೆ ಅದು 94,500 ಕೋಟಿ ಯೂನಿಟ್ ಆಗಬಹುದು. ಅದರಲ್ಲಿ ರೈತರು ಕೇಳುವ ಪ್ರಶ್ನೆಗಳ ಪಾಲು ಎಷ್ಟು ಸಣ್ಣದಿರಬೇಕು ಎಂದು ಊಹಿಸಬಹುದು. ಸುಮ್ನೆ ಮಜಾಕ್ಕೆ ಮಾಡುವ ವಿಡಿಯೋಗಳ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಕುಂದಗೋಳದ ಹುಡುಗನಿಗೆ ಕೇಳುವುದು ನ್ಯಾಯವಲ್ಲ.

ಆ್ಯಪ್ ಮುಟ್ಟದ ಕಡೆ

ಗಂಧಕ ಹೊಡೆಯಬೇಕು ಎಂದು ಗೊತ್ತಾದ ಮೇಲೂ ತರಲು ತಡವಾಯಿತು. ಉದ್ರಿ ಇರುವ ಅಂಗಡಿಯಲ್ಲಿ ಅದು ಆಗ ಇರಲಿಲ್ಲ. ಬೇರೆ ಅಂಗಡಿಯಲ್ಲಿ ರೊಕ್ಕ ಕೊಟ್ಟು ತಂದರೆ ಹಳೇ ಅಂಗಡಿಯವರ ಮುಖ ಸಪ್ಪಗಾಗುತ್ತದೆ, ಮುಂದಿನ ಬೀಜ ಗೊಬ್ಬರಕ್ಕೆ ಮತ್ತೆ ಅವರ ಹತ್ತಿರವೇ ಹೋಗಬೇಕು. ಅಪ್ಪ ಎರಡು ದಿನ ಹಿಂದೆಮುಂದೆ ನೋಡಿದ. ಯಾವ ಎಐ ಸಲಹೆಯೂ ಈ ಲೆಕ್ಕವನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಔಷಧ ಆರಿಸುವುದು ರೋಗ ಅಲ್ಲ, ಸಾಲ.

ಬ್ಯಾಡಗಿಯಲ್ಲಿ ಕಾಯಿ ಟೆಂಡರ್‌ಗೆ ಇಟ್ಟಾಗ ಖರೀದಿದಾರರು ಬಣ್ಣ ನೋಡಿದರು, ಸುಕ್ಕು ನೋಡಿದರು, ತೇವ ಎಷ್ಟಿದೆ ಎಂದು ಕೈಯಲ್ಲಿ ಮುರಿದು ನೋಡಿದರು. ಎಷ್ಟು ಸಲ ಔಷಧ ಹೊಡೆದಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ಹೊರದೇಶಕ್ಕೆ ಹೋಗುವ ಮಾಲಿನಲ್ಲಿ ವಿಷದ ಉಳಿಕೆ ಪರೀಕ್ಷೆ ಆಗುತ್ತದೆ, ಆದರೆ ಅದರ ಬಿಸಿಯಾಗಲಿ ಬೆಲೆಯಾಗಲಿ ಈ ಚೀಲದವರೆಗೆ ಬರಲಿಲ್ಲ. ಒಂದು ಸಿಂಪಡಣೆ ಬಿಟ್ಟದ್ದಕ್ಕೆ ಸಿಕ್ಕಿದ್ದು ಉಳಿದ ಖರ್ಚು ಮಾತ್ರ. ಮೊದಲ ಡಬ್ಬಿಯ ದುಡ್ಡು, ಹಾಳಾದ ಗಿಡಗಳ ನಷ್ಟ ಅಪ್ಪನ ತಲೆಯ ಮೇಲೆ. ಸಲಹೆ ಕೊಟ್ಟ ಆ್ಯಪ್‌ನಲ್ಲಿ ದೂರು ಬರೆಯಲು ಒಂದು ಜಾಗ ಇತ್ತು. ಮಗ ಬರೆದ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಬಂತು.

ದೊಡ್ಡವ್ವನ ವಿಷಯವೂ ಇತ್ಯರ್ಥವಾಗಿಲ್ಲ. ಕೂಲಿ ಸಿಗುವುದು ಕಸ ತೆಗೆದದ್ದಕ್ಕೆ, ನುಸಿ ಗುರುತಿಸಿದ್ದಕ್ಕೆ ಅಲ್ಲ. ಗುಂಪಿನಲ್ಲಿ ಅವರ ಧ್ವನಿ ಸಂದೇಶಗಳಿಗೆ ಹೆಬ್ಬೆರಳಿನ ಗುರುತು ಬೀಳುತ್ತದೆ, ಅಷ್ಟೇ. ಎಲೆ ನೋಡುವ ದಿನಕ್ಕೆ ಬೇರೆ ಕೂಲಿ ಕೊಡೋಣ, ವಾರಕ್ಕೊಮ್ಮೆ ಎಲ್ಲ ಹೊಲ ತಿರುಗಿ ನೋಡಲಿ, ಅದರ ಖರ್ಚು ಹಂಚಿಕೊಳ್ಳೋಣ ಎಂದು ಮಗ ಗುಂಪಿನಲ್ಲಿ ಹೇಳಿದ್ದಾನೆ. ಮೂರು ಮನೆಯವರು ಒಪ್ಪಿದ್ದಾರೆ. ಉಳಿದವರು, ಫೋನ್‌ನಾಗ ಪುಕ್ಕಟೆ ಸಿಗತೈತಲ್ಲ ಎನ್ನುತ್ತಿದ್ದಾರೆ. ಅಪ್ಪ ಇನ್ನೂ ಏನೂ ಹೇಳಿಲ್ಲ, ಆದರೆ ಈ ಸಲ ಗಂಧಕದ ಚೀಲವನ್ನು ಬಿತ್ತನೆಗೆ ಮೊದಲೇ ರೊಕ್ಕ ಕೊಟ್ಟು ತಂದಿಟ್ಟಿದ್ದಾನೆ.